ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಬೆಳೆಗೆ ಲಾಭವೇ? ಬೇರನ್ನು ಕೇಳಿ ನೋಡೋಣ

“ಕಾರ್ಬನ್ ಡೈಆಕ್ಸೈಡ್ ಗಿಡಗಳ ಆಹಾರ. ಅದು ಹೆಚ್ಚಾದಷ್ಟೂ ಬೆಳೆ ಹುಲುಸು. ಹವಾಮಾನ ಬದಲಾವಣೆಗೆ ಹೆದರಬೇಕಿಲ್ಲ.” ಇಂಥ ವಾದ ಫಾರ್ವರ್ಡ್‌ಗಳಲ್ಲಿ ಆಗಾಗ ಬರುತ್ತದೆ. ಇದು ಎಷ್ಟು ನಿಜ?

ನಿಜ ಇರುವುದು ಎಲ್ಲಿ?

ಮೊದಲ ಮಾತು ಸರಿ. ಗಿಡಗಳು ಈ ಅನಿಲವನ್ನು ಎಲೆಯಿಂದ ಹೀರಿಕೊಂಡು ಬಿಸಿಲಿನ ಶಕ್ತಿಯಲ್ಲಿ ಸಕ್ಕರೆ ತಯಾರಿಸುತ್ತವೆ. ಕೈಗಾರಿಕಾ ಕ್ರಾಂತಿಗೆ ಮೊದಲು ಗಾಳಿಯ ಪ್ರತಿ 10 ಲಕ್ಷ ಅಣುಗಳಲ್ಲಿ ಇದರ ಅಣುಗಳು ಸುಮಾರು 280 ಇದ್ದವು. ಈಗ 420ಕ್ಕೂ ಹೆಚ್ಚು. ಅನಿಲ ಹೆಚ್ಚಿದಾಗ ಭತ್ತ, ಗೋಧಿ ಚುರುಕಾಗಿ ಬೆಳೆಯುವುದೂ ಹೌದು. ಆದರೆ ರಾಗಿ, ಜೋಳ, ಮೆಕ್ಕೆಜೋಳಕ್ಕೆ ಅಷ್ಟು ಲಾಭವಿಲ್ಲ. ಅನಿಲವನ್ನು ಎಲೆಯೊಳಗೆ ಒಟ್ಟುಗೂಡಿಸಿಕೊಳ್ಳುವ ವ್ಯವಸ್ಥೆ ಅವುಗಳಲ್ಲಿ ಮೊದಲೇ ಇದೆ.

ಫಾರ್ವರ್ಡ್ ಬಿಟ್ಟಿದ್ದು ಏನು?

ಗಿಡ ಗಾಳಿಯೊಂದನ್ನೇ ತಿಂದು ಬದುಕುವುದಿಲ್ಲ. ನೀರು, ಸಾರಜನಕ, ಕಬ್ಬಿಣ, ಸತು ಬೇರಿನಿಂದಲೇ ಬರಬೇಕು. ಅನಿಲ ಹೆಚ್ಚಿದಾಗ ಎಲೆಯ ರಂಧ್ರಗಳು ಕಿರಿದಾಗುತ್ತವೆ. ಬೇರು ಮೇಲಕ್ಕೆ ಕಳಿಸುವ ನೀರು ಕಡಿಮೆಯಾಗುತ್ತದೆ. ಅದರ ಜೊತೆ ಬರುವ ಪೋಷಕಾಂಶವೂ ಕಡಿಮೆಯಾಗಬಹುದು. ಇತ್ತ ಕಾಳಿನಲ್ಲಿ ಪಿಷ್ಟ ಹೆಚ್ಚುತ್ತದೆ.

ಹೊಲದಲ್ಲೇ ಅನಿಲದ ಪ್ರಮಾಣವನ್ನು 550ರ ಆಸುಪಾಸಿಗೆ ಏರಿಸಿ ಮಾಡಿದ ಪ್ರಯೋಗಗಳ ಫಲಿತಾಂಶ 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಗೋಧಿಯಲ್ಲಿ ಸತು ಸುಮಾರು 9%, ಕಬ್ಬಿಣ 5% ಇಳಿದಿತ್ತು. ಅಕ್ಕಿಯಲ್ಲಿ ಪ್ರೋಟೀನ್ ಸುಮಾರು 8% ಕುಸಿದಿತ್ತು. ಅನ್ನ, ಚಪಾತಿಯನ್ನೇ ನೆಚ್ಚಿಕೊಂಡ ಮನೆಗಳ ಮಕ್ಕಳಿಗೆ ಇದು ಸಣ್ಣ ಕೊರತೆಯಲ್ಲ.

ಮಳೆ ಕೈಕೊಟ್ಟರೆ?

ಬರದಲ್ಲಿ ಮೇಲ್ಮಣ್ಣು ಮೊದಲು ಒಣಗುತ್ತದೆ. ಅದಕ್ಕೇ ವಿಜ್ಞಾನಿಗಳು ಬೇರಿನ ಹಿಂದೆ ಬಿದ್ದಿದ್ದಾರೆ. ಏಷ್ಯಾದಲ್ಲಿ ವ್ಯಾಪಕವಾಗಿ ಬೆಳೆದ ಐಆರ್64 ಭತ್ತದ ಬೇರು ಆಳಕ್ಕೆ ಇಳಿಯುವುದಿಲ್ಲ. ಫಿಲಿಪ್ಪೀನ್ಸ್‌ನ ಕಿನಾಂದಾಂಗ್ ಪಾತೋಂಗ್ ಎಂಬ ತಳಿಯಲ್ಲಿ ಬೇರನ್ನು ನೇರ ಕೆಳಕ್ಕೆ ಬಾಗಿಸುವ ಡಿಆರ್‌ಒ1 ಜೀನ್ ಇದೆ. ಜಪಾನಿನ ಸಂಶೋಧಕರು ಅದನ್ನು ಸಂಕರಣದ ಮೂಲಕ ಐಆರ್64ಕ್ಕೆ ತಂದರು. ಬರದಲ್ಲಿ ಹೊಸ ತಳಿಯೇ ಹೆಚ್ಚು ಇಳುವರಿ ಕೊಟ್ಟಿತು ಎಂದು 2013ರಲ್ಲಿ ವರದಿ ಮಾಡಿದರು.

ಹಾಗೆಂದು ಆಳದ ಬೇರೇ ಎಲ್ಲಕ್ಕೂ ಮದ್ದಲ್ಲ. ರಂಜಕ ಹೆಚ್ಚಾಗಿ ಮೇಲ್ಮಣ್ಣಿನಲ್ಲಿರುವುದರಿಂದ ಅಲ್ಲಿ ಹರಡುವ ಬೇರೂ ಬೇಕು. ಯಾವ ಮಣ್ಣಿಗೆ ಎಂಥ ಬೇರು ಎಂಬುದೇ ಈಗಿನ ಹುಡುಕಾಟ.

ನಮ್ಮ ತೀರ್ಮಾನ: ಅರ್ಧಸತ್ಯ. ಈ ಸಂದೇಶ ಮತ್ತೆ ಬಂದರೆ, ಮಣ್ಣಿನೊಳಗಿರುವ ಉಳಿದರ್ಧವನ್ನೂ ಸೇರಿಸಿ ಕಳಿಸಿ.