ರಸೀತಿ ಕೊಡುವ ದಂಗೆಕೋರರು

ನಮ್ಮ ಪಶ್ಚಿಮ ಕರಾವಳಿಯನ್ನು ತೊಳೆಯುವ ಅರಬ್ಬೀ ಸಮುದ್ರವೇ ಆಚೆಯ ದಡದಲ್ಲಿ, ಆಫ್ರಿಕಾ ಖಂಡವು ಕೊಂಬಿನಂತೆ ಚಾಚಿಕೊಂಡಿರುವೆಡೆ, ಸೊಮಾಲಿಯಾದ ತೀರವನ್ನೂ ಮುಟ್ಟುತ್ತದೆ. ಅಲ್ಲಿಯ ಬಹುಪಾಲು ಜನರದು ಒಂದೇ ಭಾಷೆ, ಒಂದೇ ಮತ, ಒಂದೇ ಜನಾಂಗ. ಒಂಟೆ ಕಾಯುವವನೂ ಪದ್ಯ ಕಟ್ಟಬಲ್ಲ ನಾಡೆಂದು ಅದು ಹೆಸರಾದುದು. ಬಾಯಿಂದ ಬಾಯಿಗೆ ಸಾಗಿಬಂದ ಆ ಭಾಷೆಗೆ ಅಧಿಕೃತ ಲಿಪಿ ದೊರೆತದ್ದು 1972ರಲ್ಲಷ್ಟೆ. ಇಷ್ಟೊಂದು ಏಕತೆಯಿದ್ದೂ ಆ ದೇಶವು ಒಡೆದು ಮೂರು ದಶಕಗಳ ಮೇಲಾಯಿತು. ಅದರೊಳಗೆ ‘ಅಲ್ ಶಬಾಬ್’ ಎಂಬ ಪಂಥವು ನಡೆಸುತ್ತಿರುವ ಜಿಹಾದಿ ದಂಗೆಗೂ ಎರಡು ದಶಕಗಳಾಗುತ್ತ ಬಂದವು. ಅದು ಇಷ್ಟು ಕಾಲ ಬಾಳಿದುದು ಹೇಗೆ?

ಬ್ರಿಟಿಷರ ಆಳ್ವಿಕೆಯಲ್ಲಿದ್ದ ಉತ್ತರ ಭಾಗವೂ ಇಟಲಿಯ ಆಡಳಿತದಲ್ಲಿದ್ದ ದಕ್ಷಿಣ ಭಾಗವೂ 1960ರ ಜುಲೈ 1ರಂದು ಒಂದುಗೂಡಿ ಸ್ವತಂತ್ರ ಗಣರಾಜ್ಯವಾದವು. 1969ರಲ್ಲಿ ಸೇನಾಪತಿ ಸಿಯಾದ್ ಬಾರೆ ಅಧಿಕಾರವನ್ನು ಕಸಿದುಕೊಂಡನು. ಕುಲಭೇದವನ್ನು ಅಳಿಸುವೆನೆಂದು ಸಾರಿದ ಆತನೇ ಕುಲಕುಲಗಳನ್ನು ಎತ್ತಿಕಟ್ಟಿ ಆಳಿದನು. 1988ರಲ್ಲಿ ತನ್ನ ದೇಶದ್ದೇ ಆದ ಹರ್ಗೇಸಾ ನಗರದ ಮೇಲೆ ಬಾಂಬಿನ ಮಳೆಗರೆದನು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಕಾಯುವವರಾರು? 1991ರ ಜನವರಿಯಲ್ಲಿ ಆತನು ರಾಜಧಾನಿ ಮೊಗದಿಶುವಿನಿಂದ ಪಲಾಯನ ಮಾಡಿದಾಗ ಅವನೊಡನೆ ಸರ್ಕಾರವೆಂಬುದೇ ಮಾಯವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಉತ್ತರದ ಸೊಮಾಲಿಲ್ಯಾಂಡ್ ತಾನು ಸ್ವತಂತ್ರವೆಂದು ಘೋಷಿಸಿಕೊಂಡಿತು. 1998ರಲ್ಲಿ ಪುಂಟ್‌ಲ್ಯಾಂಡ್ ಸ್ವಯಮಾಡಳಿತಕ್ಕೆ ತೊಡಗಿತು. ಕ್ಷಾಮನಿವಾರಣೆಗೆಂದು 1992ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯ ಬಂದಿತು. ಆ ಬಳಿಕ ವಿಶ್ವಸಂಸ್ಥೆಯ ಪಡೆಯಲ್ಲಿ ನಮ್ಮ ಭಾರತದ ಯೋಧರೂ ಬೈದೋವಾ ಪ್ರಾಂತದಲ್ಲಿ ದುಡಿದರು. 1995ರ ಮಾರ್ಚ್ ವೇಳೆಗೆ ಆ ಪಡೆಗಳೆಲ್ಲ ಹಿಂದಿರುಗಿದವು.

ದೊರೆಯಿಲ್ಲದ ನಾಡಿನಲ್ಲಿಯೂ ಸಂಸಾರ ನಡೆಯಬೇಕು, ವ್ಯಾಪಾರ ಸಾಗಬೇಕು, ಕಳ್ಳನಿಗೆ ಶಿಕ್ಷೆಯಾಗಬೇಕು. ಅದಕ್ಕಾಗಿ ವರ್ತಕರೂ ಹಿರಿಯರೂ ಕೇರಿಕೇರಿಗಳಲ್ಲಿ ಇಸ್ಲಾಮೀ ನ್ಯಾಯಸಭೆಗಳನ್ನು ಕಟ್ಟಿಕೊಂಡರು. ಅವೆಲ್ಲವೂ ಒಂದಾಗಿ 2006ರ ಜೂನ್‌ನಲ್ಲಿ ಮೊಗದಿಶುವನ್ನೇ ವಶಪಡಿಸಿಕೊಂಡವು. ಡಿಸೆಂಬರಿನಲ್ಲಿ ನೆರೆಯ ಇಥಿಯೋಪಿಯಾ ಸೈನ್ಯ ನುಗ್ಗಿಸಿ ಅವುಗಳನ್ನು ಚದುರಿಸಿತು. ಆದರೆ 1977-78ರ ಒಗದೆನ್ ಯುದ್ಧದಲ್ಲಿ ಸೊಮಾಲಿಯಾವನ್ನು ಸೋಲಿಸಿದ್ದ ದೇಶವದು. ಹಳೆಯ ವೈರಿ ರಾಜಧಾನಿಗೆ ಕಾಲಿಟ್ಟುದನ್ನು ಜನ ಸಹಿಸಲಾರದಾದರು. ನ್ಯಾಯಸಭೆಗಳ ಆಶ್ರಯದಲ್ಲಿ ಬೆಳೆದ ಉಗ್ರ ತರುಣರ ಗುಂಪು ಈ ಕಿಚ್ಚನ್ನೇ ಬಂಡವಾಳ ಮಾಡಿಕೊಂಡಿತು. ಅದುವೇ ಅಲ್ ಶಬಾಬ್, ಅಂದರೆ ‘ಯುವಕರು’. 2012ರಲ್ಲಿ ಅದು ಅಲ್ ಖೈದಾಕ್ಕೆ ತನ್ನ ನಿಷ್ಠೆಯನ್ನು ಬಹಿರಂಗವಾಗಿ ಸಾರಿತು.

ಆಫ್ರಿಕಾ ಒಕ್ಕೂಟದ ಸೈನ್ಯದ ಒತ್ತಡದಿಂದ 2011ರ ಆಗಸ್ಟಿನಲ್ಲಿ ಈ ದಂಗೆಕೋರರು ಮೊಗದಿಶುವನ್ನು ಬಿಟ್ಟರು. ಮರುವರ್ಷ ಕಿಸ್ಮಾಯೋ ಬಂದರೂ ಕೈಬಿಟ್ಟಿತು. 2014ರಲ್ಲಿ ಅವರ ನಾಯಕ ಗೊದಾನೆ ಅಮೆರಿಕದ ವೈಮಾನಿಕ ದಾಳಿಗೆ ಬಲಿಯಾದನು. ಪಂಥವು ಮುಗಿಯಿತೆಂದೇ ಹಲವರು ಎಣಿಸಿದರು, ಮುಗಿಯಲಿಲ್ಲ. ಅದರ ಬಲ ಬಂದೂಕಿನಷ್ಟೇ ಒಂದು ತುಂಡು ಕಾಗದದಲ್ಲಿಯೂ ಅಡಗಿತ್ತು.

ಸರಕು ತುಂಬಿದ ಲಾರಿಯೊಂದು ದಕ್ಷಿಣದ ಹೆದ್ದಾರಿಯಲ್ಲಿ ಹೊರಟಿತೆನ್ನಿ. ಸರ್ಕಾರದ ಸಿಪಾಯಿಗಳೂ ಕುಲದ ಪಡೆಗಳೂ ಇಟ್ಟ ಕಟ್ಟೆಗಳಲ್ಲಿ ಒಂದೊಂದರಲ್ಲಿಯೂ ಕೈ ಬಿಸಿ ಮಾಡಬೇಕು. ಅಲ್ ಶಬಾಬ್ ಕಟ್ಟೆಯಲ್ಲಾದರೋ ಒಮ್ಮೆ ಸುಂಕ ತೆತ್ತರೆ ರಸೀತಿ ದೊರೆಯುತ್ತದೆ. ಆ ರಸೀತಿ ತೋರಿದರೆ ಅವರ ಮುಂದಿನ ಕಟ್ಟೆಯಲ್ಲಿ ಮತ್ತೆ ಕೇಳುವುದಿಲ್ಲ. ಸರ್ಕಾರದ ಅಧೀನದಲ್ಲಿರುವ ಮೊಗದಿಶುವಿನ ವರ್ತಕರು ಕೂಡ ಅವರಿಗೆ ಕಪ್ಪ ಸಲ್ಲಿಸುತ್ತಾರೆ. ಜಮೀನಿನ ವ್ಯಾಜ್ಯಗಳನ್ನು ಹೊತ್ತು ನಗರವಾಸಿಗಳೇ ಅವರ ನ್ಯಾಯಸಭೆಗಳಿಗೆ ಹೋಗುವುದುಂಟು. ಅಲ್ಲಿ ತೀರ್ಪು ಬೇಗ, ಲಂಚ ಕಡಿಮೆ, ಜಾರಿ ಖಂಡಿತ. ಮೇಲಾಗಿ 2000ದಿಂದೀಚೆಗೆ ರಾಜಕೀಯದಲ್ಲಿ ನಾಲ್ಕು ದೊಡ್ಡ ಕುಲಗಳಿಗೆ ಒಂದೊಂದು ಪಾಲು, ಉಳಿದವರೆಲ್ಲರಿಗೂ ಸೇರಿ ಅರ್ಧ ಪಾಲು ಎಂಬ ಹಂಚಿಕೆ ರೂಢಿಯಾಯಿತು. ಆ ಅರ್ಧ ಪಾಲಿನವರಲ್ಲಿ ನೊಂದ ತರುಣರಿಗೆ ದಂಗೆಯ ಬಾಗಿಲು ತೆರೆದೇ ಇತ್ತು.

ಇದನ್ನು ಸುರಾಜ್ಯವೆಂದು ಯಾರೂ ಭ್ರಮಿಸಬಾರದು. ಕಪ್ಪ ಕೊಡದವನ ಪ್ರಾಣ ಉಳಿಯುವ ಭರವಸೆಯಿಲ್ಲ. ಆ ರಸೀತಿಯ ಹಿಂದೆ ಇರುವುದು ಭಯವೇ ಹೊರತು ನಂಬುಗೆಯಲ್ಲ. 2011ರ ಘೋರ ಕ್ಷಾಮದಲ್ಲಿ ಅನ್ನ ಹೊತ್ತು ಬಂದ ಅನೇಕ ಸಂಸ್ಥೆಗಳನ್ನು ಇವರು ತಮ್ಮ ಪ್ರಾಂತದೊಳಗೆ ಬಿಡಲಿಲ್ಲ. ಆ ಕ್ಷಾಮದಲ್ಲಿ ಅಳಿದವರು ಅಂದಾಜು 2 ಲಕ್ಷ 60 ಸಾವಿರ ಮಂದಿ. ಅರ್ಧದಷ್ಟು ಐದು ವರ್ಷ ತುಂಬದ ಹಸುಳೆಗಳು. ನೆರೆಯ ಕೆನ್ಯಾದಲ್ಲಿ 2015ರ ಏಪ್ರಿಲಿನಲ್ಲಿ ಗರಿಸ್ಸಾ ವಿಶ್ವವಿದ್ಯಾಲಯದ ಮೇಲೆ ಬಿದ್ದು 148 ಜನರನ್ನು ಕೊಂದರು. ಸತ್ತವರಲ್ಲಿ ಬಹುತೇಕರು ವಿದ್ಯಾರ್ಥಿಗಳು. 2017ರ ಅಕ್ಟೋಬರ್ 14ರಂದು ಮೊಗದಿಶುವಿನ ಜನನಿಬಿಡ ಚೌಕದಲ್ಲಿ ಲಾರಿಯ ಬಾಂಬು ಸಿಡಿದು 500ಕ್ಕೂ ಮಿಕ್ಕಿ ಜನ ಮಡಿದರು. ಸೊಮಾಲಿಯಾದಲ್ಲಿ ಧರ್ಮದ ಹೆಸರಿನ ಈ ದಂಗೆಗೆ ಬಲಿಯಾದವರು ಬಹುಪಾಲು ಅದೇ ಧರ್ಮದ ಬಡಜನರು.

ಆ ಜನರೇ 2022ರಲ್ಲಿ ತಿರುಗಿಬಿದ್ದರು. ಹಿರಾನ್ ಪ್ರಾಂತದ ದನಗಾಹಿಗಳು ಮಿತಿಮೀರಿದ ಸುಲಿಗೆಯನ್ನು ತಾಳಲಾರದೆ, ಉಟ್ಟ ಲುಂಗಿಯಲ್ಲೇ ಬಂದೂಕು ಹಿಡಿದು ಹೊರಟರು. ಅವರ ದಳಕ್ಕೆ ‘ಮಅವಿಸ್ಲಿ’, ಅಂದರೆ ಲುಂಗಿಯವರು, ಎಂದೇ ಹೆಸರಾಯಿತು. ಸರ್ಕಾರದ ಸೈನ್ಯವು ಅವರೊಡಗೂಡಿ ಹಲವು ಊರುಗಳನ್ನು ಬಿಡಿಸಿತು. ಆದರೆ ಗೆದ್ದ ಊರುಗಳಿಗೆ ಸೈನಿಕನ ಹಿಂದೆಯೇ ನ್ಯಾಯಾಧೀಶ, ಉಪಾಧ್ಯಾಯ, ವೈದ್ಯ ಬೇಗ ಬರಲಿಲ್ಲ. ಕುಲಗಳ ಹಳೆಯ ಜಗಳಗಳು ಮಾತ್ರ ತಡಮಾಡದೆ ಬಂದವು. 2022ರ ಡಿಸೆಂಬರಿನಲ್ಲಿ ಸರ್ಕಾರ ಗೆದ್ದ ಅದನ್ ಯಬಾಲ್ ಪಟ್ಟಣ 2025ರ ಏಪ್ರಿಲಿನಲ್ಲಿ ಮತ್ತೆ ದಂಗೆಕೋರರ ವಶವಾಯಿತು.

ಊರನ್ನು ಗೆಲ್ಲುವುದು ಒಂದು ದಿನದ ಕೆಲಸ. ಊರಿನವರ ವಿಶ್ವಾಸವನ್ನು ಗಳಿಸುವುದು ಒಂದು ತಲೆಮಾರಿನ ಕೆಲಸ. ಸರ್ಕಾರವು ಸುಂಕ ಪಡೆದು ಪ್ರಾಮಾಣಿಕವಾದ ರಸೀತಿ ಕೊಡುವ, ಬಡವನ ಗದ್ದೆಯ ವ್ಯಾಜ್ಯಕ್ಕೆ ಹೆದರಿಕೆಯಿಲ್ಲದ ತೀರ್ಪು ನೀಡುವ ದಿನ ಬಂದರೆ, ಅಲ್ ಶಬಾಬ್‌ನ ಕಾಗದಕ್ಕೆ ಬೆಲೆ ಉಳಿಯದು. ಅಲ್ಲಿಯವರೆಗೆ ಆ ನಾಡಿನ ಲಾರಿಗಳು ಎರಡು ಸರ್ಕಾರಗಳಿಗೆ ಕಪ್ಪ ತೆರುತ್ತಲೇ ಸಾಗಬೇಕಾಗಿದೆ.