ಬೆರಳಿಗೆ ಬೀಳುವ ಗೆರೆ ಪೆನ್ಸಿಲಿಗೆ ಏಕೆ ಬೀಳದು?

ಕಳೆದ ವರ್ಷ ನಾನು ಭೇಟಿ ಕೊಟ್ಟ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ನಡುವೆ ಸಣ್ಣದೊಂದು ಜಗಳ ನಡೆದಿತ್ತು. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಒಂದು ಟ್ಯಾಬ್ಲೆಟ್ ಕೊಳ್ಳುವಷ್ಟು ಹಣ ಕೊಟ್ಟಿದ್ದರು. ಒಂದೇ ಒಂದು! ಕೆಲವರಿಗೆ ಅದರಲ್ಲಿ ಚಿತ್ರ ಬರೆಯುವ ಆಸೆ. ಉಳಿದವರಿಗೆ ಪಾಠದ ವಿಡಿಯೊ ನೋಡಬೇಕು, ಗೋಡೆಪತ್ರಿಕೆಗೆ ಬರಹ ಟೈಪ್ ಮಾಡಬೇಕು. ಎರಡಕ್ಕೂ ಒದಗುವಂಥದ್ದು ಯಾವುದು? ಮುಖ್ಯೋಪಾಧ್ಯಾಯರ ಮೇಜಿನ ಮೇಲಿದ್ದ ಮೂರು ಜಾಹೀರಾತುಗಳೂ ‘ನಮ್ಮದೇ ಉತ್ತಮ’ ಎನ್ನುತ್ತಿದ್ದವು.

ಆಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಸರ್, ಫೋನ್ ಮೇಲೆ ಬೆರಳಿಂದ ಎಳೆದರೆ ಗೆರೆ ಬೀಳುತ್ತೆ, ಪೆನ್ಸಿಲಿನ ಹಿಂಭಾಗದಿಂದ ಎಳೆದರೆ ಬೀಳಲ್ಲ. ಹಾಗಾದರೆ ಟ್ಯಾಬ್ಲೆಟ್ ಮೇಲೆ ಪೆನ್ನಲ್ಲಿ ಚಿತ್ರ ಬರೆಯೋದು ಹೇಗೆ?”

ಜಗಳ ಬಗೆಹರಿಸುವ ದಾರಿ ಆ ಪ್ರಶ್ನೆಯಲ್ಲೇ ಇತ್ತು. ಬನ್ನಿ, ಅದನ್ನೇ ಹಿಡಿದು ಹೋಗೋಣ.

ಪರದೆಗೆ ಬೆರಳು ತಿಳಿಯುವುದು ಹೇಗೆ?

ಹಿರಿಯರನ್ನು ಕೇಳಿ, ಮನೆಯ ಫೋನಿನ ಮೇಲೆ ನೀವೂ ಪರೀಕ್ಷಿಸಿ. ಮೊದಲು ಬೆರಳಿನಿಂದ ಮುಟ್ಟಿ. ಬಳಿಕ ಒಣ ಕಡ್ಡಿಯಿಂದ, ದಪ್ಪ ಬಟ್ಟೆ ಸುತ್ತಿದ ಬೆರಳಿನಿಂದ, ಕೊನೆಗೆ ಕೈಯಲ್ಲಿ ಹಿಡಿದ ಸ್ಟೀಲ್ ಚಮಚದ ನಯವಾದ ಬೆನ್ನಿನಿಂದ ಮುಟ್ಟಿ. ಬೆರಳಿಗೂ ಚಮಚಕ್ಕೂ ಪರದೆ ಸ್ಪಂದಿಸುತ್ತದೆ. ಕಡ್ಡಿಗೆ, ಬಟ್ಟೆಗೆ ಸ್ಪಂದಿಸುವುದಿಲ್ಲ. ಏಕೆ ಗೊತ್ತೆ?

ಪರದೆಯ ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ಪಾರದರ್ಶಕವಾದ ವಿದ್ಯುದ್ವಾಹಕ ಗೆರೆಗಳ ಜಾಲವಿದೆ. ಇದಕ್ಕೆ ಹೆಚ್ಚಾಗಿ ಬಳಸುವ ವಸ್ತು ಇಂಡಿಯಂ ಟಿನ್ ಆಕ್ಸೈಡ್. ಅಡ್ಡಗೆರೆ, ಉದ್ದಗೆರೆಗಳು ಸಂಧಿಸುವೆಡೆ ಸ್ವಲ್ಪ ವಿದ್ಯುದಾವೇಶ ಇರುತ್ತದೆ. ನಮ್ಮ ಮೈ ವಿದ್ಯುದ್ವಾಹಕ. ಆದ್ದರಿಂದ ಬೆರಳು ಹತ್ತಿರ ಬಂದೊಡನೆ ಅಲ್ಲಿನ ಆವೇಶದ ಪ್ರಮಾಣ ಬದಲಾಗುತ್ತದೆ. ಎಷ್ಟನೆಯ ಸಾಲು, ಎಷ್ಟನೆಯ ಬೆಂಚು ಎಂದು ಹೇಳಿ ತರಗತಿಯಲ್ಲಿ ನಿಮ್ಮನ್ನು ಗುರುತಿಸುವಂತೆಯೇ ಟ್ಯಾಬ್ಲೆಟ್ ಆ ಜಾಗವನ್ನು ಗುರುತಿಸುತ್ತದೆ. ಮರ, ಬಟ್ಟೆ ಅವಾಹಕಗಳು. ಅವುಗಳ ಸ್ಪರ್ಶ ಪರದೆಗೆ ತಿಳಿಯುವುದೇ ಇಲ್ಲ.

ಮೂರು ಬಗೆಯ ಪೆನ್ನುಗಳು

ಮೊದಲನೆಯದು ರಬ್ಬರ್ ತುದಿಯ ಅಗ್ಗದ ಪೆನ್ನು. ಇದರ ತುದಿ ವಿದ್ಯುದ್ವಾಹಕ ರಬ್ಬರಿನದು. ಪರದೆಯ ಮಟ್ಟಿಗೆ ಇದು ಇನ್ನೊಂದು ಬೆರಳು, ಅಷ್ಟೆ. ತುದಿ ದಪ್ಪವಿರಲೇಬೇಕು, ಹಾಗಾಗಿ ಎಳೆಯುತ್ತಿರುವ ಗೆರೆಯನ್ನೇ ಅದು ಮುಚ್ಚಿಬಿಡುತ್ತದೆ. ಒತ್ತಿ ಬರೆದರೆ ದಪ್ಪ, ತೇಲಿಸಿದರೆ ತೆಳು ಎಂಬ ವ್ಯತ್ಯಾಸವೂ ಇದಕ್ಕೆ ತಿಳಿಯದು.

ಎರಡನೆಯದು ಬ್ಯಾಟರಿ ಇಲ್ಲದೆಯೇ ಗೆರೆ ಎಳೆಯುವ ಪೆನ್ನು. 1983ರಲ್ಲಿ ಜಪಾನಿನಲ್ಲಿ ಆರಂಭವಾದ ವಾಕಾಮ್ ಕಂಪನಿ ಇದಕ್ಕೆ ಹೆಸರಾಗಿದೆ. ಇಲ್ಲಿ ಪರದೆಯ ಹಿಂದೆ ಇನ್ನೊಂದು ಹಾಳೆ ಇರುತ್ತದೆ. ಅದು ವಿದ್ಯುತ್ಕಾಂತೀಯ ಸಂಕೇತಗಳನ್ನು ಹೊಮ್ಮಿಸುತ್ತದೆ. ಪೆನ್ನಿನೊಳಗೆ ಒಂದು ತಂತಿಸುರುಳಿ, ಒಂದು ಕೆಪಾಸಿಟರ್ ಇವೆ. ಜೋಕಾಲಿಯನ್ನು ಸರಿಯಾದ ಸಮಯಕ್ಕೆ ತಳ್ಳಿದರೆ ಸಣ್ಣ ತಳ್ಳಿಗೂ ಅದು ಎತ್ತರಕ್ಕೆ ಹೋಗುತ್ತದಲ್ಲವೆ? ಹಾಗೆಯೇ ತನಗೆ ಹೊಂದುವ ಸಂಕೇತ ಬಂದಾಗ ಪೆನ್ನು ಶಕ್ತಿಯನ್ನು ಹೀರಿಕೊಂಡು ಮರುಸಂಕೇತ ಕೊಡುತ್ತದೆ. ಇದೇ ಅನುರಣನ. ತುದಿಯನ್ನು ಒತ್ತಿದಾಗ ಆ ಮರುಸಂಕೇತ ತುಸು ಬದಲಾಗುತ್ತದೆ. ಅದರಿಂದ ಒತ್ತಡವೂ ತಿಳಿಯುತ್ತದೆ. 2020ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನ ಪೆನ್ನು ಈ ಬಗೆಯದು. ಅದು ಟ್ಯಾಬ್ಲೆಟ್ಟಿನ ಪೆಟ್ಟಿಗೆಯಲ್ಲೇ ಜೊತೆಗೆ ಬರುತ್ತಿತ್ತು.

ಮೂರನೆಯದು ಬ್ಯಾಟರಿ ಇರುವ ಪೆನ್ನು. ಇದು ತಾನೇ ಸಂಕೇತ ಕಳಿಸುತ್ತದೆ, ಪರದೆಯ ಜಾಲ ಅದನ್ನು ಹಿಡಿಯುತ್ತದೆ. 2015ರಲ್ಲಿ ಬಂದ ಆಪಲ್ ಪೆನ್ಸಿಲ್ ಈ ಬಗೆಯದು. ಒತ್ತಡದ ಜೊತೆಗೆ ಪೆನ್ನು ಎಷ್ಟು ವಾಲಿದೆ ಎಂಬುದನ್ನೂ ಅದು ತಿಳಿಸುತ್ತದೆ. ಆದರೆ ಬೇರೆ ಹಣ ಕೊಟ್ಟು ಕೊಳ್ಳಬೇಕು, ಆಗಾಗ ಚಾರ್ಜ್ ಮಾಡಬೇಕು. ಒಂದೇ ಕಂಪನಿಯ ಎಲ್ಲ ಪೆನ್ನುಗಳೂ ಒಂದೇ ಎಂದುಕೊಳ್ಳಬೇಡಿ. 2023ರಲ್ಲಿ ಬಂದ ಕಡಿಮೆ ಬೆಲೆಯ ಆಪಲ್ ಪೆನ್ಸಿಲ್‌ಗೆ ಒತ್ತಡ ತಿಳಿಯುವ ಗುಣವಿಲ್ಲ.

ಎರಡನೆಯ, ಮೂರನೆಯ ಬಗೆಯ ಪೆನ್ನುಗಳು ತಮಗೆ ಹೊಂದದ ಪರದೆಯ ಮೇಲೆ ಕೆಲಸ ಮಾಡವು. ಇದನ್ನು ವಿಚಾರಿಸದೆ ನಾನೇ ಒಮ್ಮೆ ದುಬಾರಿ ಪೆನ್ನು ಕೊಂಡು ತಂದು ಪೆಚ್ಚಾಗಿದ್ದೇನೆ. ಅದೀಗ ನನ್ನ ಮೇಜಿನ ಖಾನೆಯಲ್ಲಿ ಸುಮ್ಮನೆ ಬಿದ್ದಿದೆ.

ಅಂಗಡಿಯಲ್ಲಿ ನಾಲ್ಕು ಪರೀಕ್ಷೆ

ಜಾಹೀರಾತಿನಲ್ಲಿ ‘4096 ಹಂತಗಳ ಒತ್ತಡ’ ಎಂದಿರುತ್ತದೆ. ಅಂದರೆ ಅತಿ ಹಗುರ ಸ್ಪರ್ಶದಿಂದ ಅತಿ ಬಲವಾದ ಒತ್ತಿನವರೆಗೆ 4096 ಮೆಟ್ಟಿಲು. ಅಷ್ಟೊಂದು ಮೆಟ್ಟಿಲುಗಳನ್ನು ನಮ್ಮ ಕೈ ಬೇರೆ ಬೇರೆಯಾಗಿ ತುಳಿಯಲಾರದು. ಸಂಖ್ಯೆಗೆ ಮರುಳಾಗುವ ಬದಲು ಪರೀಕ್ಷಿಸಿ ನೋಡುವುದು ಮೇಲು.

1. ಸ್ಕೇಲಿನ ಪರೀಕ್ಷೆ: ಪರದೆಯ ಮೇಲೆ ಸ್ಕೇಲನ್ನು ಓರೆಯಾಗಿ ಮೆಲ್ಲನೆ ಇಟ್ಟು, ಪೆನ್ನಿನಿಂದ ಬಹಳ ನಿಧಾನವಾಗಿ ಗೆರೆ ಎಳೆಯಿರಿ. ಜಾಲದ ಎರಡು ಗೆರೆಗಳ ನಡುವೆ ತುದಿ ಇದ್ದಾಗ ಅದರ ಜಾಗವನ್ನು ಟ್ಯಾಬ್ಲೆಟ್ ಲೆಕ್ಕ ಹಾಕಿ ತಿಳಿಯಬೇಕು. ಲೆಕ್ಕ ನಿಖರವಾಗಿಲ್ಲದಿದ್ದರೆ ಗೆರೆ ಅಲೆ ಅಲೆಯಾಗುತ್ತದೆ.

2. ವೇಗದ ಪರೀಕ್ಷೆ: ಬೇಗ ಬೇಗ ಗೀಚಿ. ಕೈ ಸೆಕೆಂಡಿಗೆ 20 ಸೆಂ.ಮೀ. ಚಲಿಸುತ್ತಿದೆ, ಗೆರೆ ಮೂಡಲು 50 ಮಿಲಿಸೆಕೆಂಡ್ ತಡವಾಗುತ್ತದೆ ಎನ್ನಿ. ಆಗ ಗೆರೆ ಪೆನ್ನಿಗಿಂತ 1 ಸೆಂ.ಮೀ. ಹಿಂದೆ ಇರುತ್ತದೆ. ಇದು ಹೇಗೆಂದು ನೀವೇ ಲೆಕ್ಕ ಮಾಡಿ.

3. ಓರೆನೋಟದ ಪರೀಕ್ಷೆ: ಸ್ಕೇಲನ್ನು ಓರೆಯಾಗಿ ನೋಡಿ ಓದಿದರೆ ಅಳತೆ ತಪ್ಪುತ್ತದೆ ಎಂದು ಕಲಿತಿದ್ದೀರಿ. ಗಾಜಿಗೂ ಚಿತ್ರ ಮೂಡುವ ಪದರಕ್ಕೂ ನಡುವೆ ಅಂತರವಿದ್ದರೆ ಇಲ್ಲೂ ಅದೇ ತಪ್ಪು. ಪೆನ್ನಿನ ತುದಿ ಒಂದೆಡೆ, ಗೆರೆ ಇನ್ನೊಂದೆಡೆ ಕಾಣುತ್ತದೆ.

4. ಅಂಗೈ ಪರೀಕ್ಷೆ: ಕಾಗದದ ಮೇಲೆ ಬರೆಯುವಾಗಿನಂತೆ ಅಂಗೈಯನ್ನು ಪರದೆಯ ಮೇಲೆ ಊರಿ ಬರೆಯಿರಿ. ಅಂಗೈ ತಾಗಿದಲ್ಲೆಲ್ಲ ಗೆರೆ ಬೀಳುತ್ತದೆಯೆ?

ದಿನದ ಕೆಲಸಕ್ಕೆ?

ಓದಲು, ವಿಡಿಯೊ ನೋಡಲು ಪೆನ್ನೇ ಬೇಡ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಕನ್ನಡ ಟೈಪಿಂಗ್ ಸರಾಗವೆ? ಕೀಲಿಮಣೆ ಜೋಡಿಸಬಹುದೆ? ಚಿತ್ರ, ವಿಡಿಯೊಗಳನ್ನು ಇಡಲು ಜಾಗ ಸಾಕೆ? ಕೆಟ್ಟರೆ ಹತ್ತಿರದಲ್ಲಿ ರಿಪೇರಿ ಆದೀತೆ? ಮೈಕ್ರೋಸಾಫ್ಟಿನ ಸರ್ಫೇಸ್ ಪ್ರೊ ವಿಂಡೋಸ್‌ನಲ್ಲಿ ನಡೆಯುವುದರಿಂದ ಕಂಪ್ಯೂಟರಿನ ಕೆಲಸಗಳೆಲ್ಲ ಅದರಲ್ಲಿ ಆಗುತ್ತವೆ. ಆದರೆ ಅದು ಅರ್ಧ ಕಿಲೋ ಆಸುಪಾಸಿನ ಸಾಮಾನ್ಯ ಟ್ಯಾಬ್ಲೆಟ್ಟುಗಳಿಗಿಂತ ಭಾರ, ಬೆಲೆಯೂ ಹೆಚ್ಚು. ಎಲ್ಲದರಲ್ಲೂ ಮೊದಲು ಎನ್ನುವಂಥ ಟ್ಯಾಬ್ಲೆಟ್ ಇಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು.

ಆ ಶಾಲೆಯ ಮಕ್ಕಳು ಏನು ಮಾಡಿದರು ಗೊತ್ತೆ? ‘ನಾವು ಮಾಡುವ ಕೆಲಸಗಳು’ ಎಂದು ಮೊದಲು ಕಪ್ಪುಹಲಗೆಯ ಮೇಲೆ ಪಟ್ಟಿ ಬರೆದರು. ಶಿಕ್ಷಕರೊಂದಿಗೆ ಪೇಟೆಗೆ ಹೋದ ಇಬ್ಬರು ನಾಲ್ಕೂ ಪರೀಕ್ಷೆ ಮಾಡಿ ಬಂದರು. ಕೊನೆಗೆ ಒಪ್ಪಿದ್ದು ಬ್ಯಾಟರಿ ಇಲ್ಲದ ಪೆನ್ನು ಜೊತೆಗೇ ಬರುವ ಟ್ಯಾಬ್ಲೆಟ್ಟನ್ನು. ಸ್ಕೇಲಿನ ಪರೀಕ್ಷೆಯಲ್ಲಿ ಅದರ ಗೆರೆ ತುಸು ಅಲುಗಿತ್ತು. ಆದರೂ ಕರೆಂಟು ಹೋಗುವ ಊರಿನಲ್ಲಿ ಚಾರ್ಜ್ ಮಾಡಬೇಕಾದ ವಸ್ತು ಒಂದು ಕಡಿಮೆಯಾಯಿತು. ಉಳಿದ ಹಣಕ್ಕೆ ಒಂದು ಕೀಲಿಮಣೆಯೂ ಬಂತು.

ಪ್ರಶ್ನೆ ಕೇಳಿದ ಹುಡುಗಿ ಅದರಲ್ಲಿ ಬರೆದ ಮೊದಲ ಚಿತ್ರ ಶಾಲೆಯ ಮುಂದಿನ ಹೊಂಗೆ ಮರ. ಅದರ ಕೆಳಗಿನ ನಾಲ್ಕು ಸಾಲುಗಳನ್ನು ಟೈಪ್ ಮಾಡಿದವನು ಅವಳೊಡನೆ ಜಗಳವಾಡಿದ್ದ ಹುಡುಗ!

ನಿಮ್ಮ ಶಾಲೆಗೂ ಒಂದೇ ಟ್ಯಾಬ್ಲೆಟ್ ಬರುವುದಾದರೆ ನಿಮ್ಮ ಪಟ್ಟಿಯಲ್ಲಿ ಮೊದಲು ಬರುವ ಕೆಲಸ ಯಾವುದು? ಯಾವುದನ್ನು ಬಿಡಲು ಸಿದ್ಧರಿದ್ದೀರಿ? ಗೆಳೆಯರೊಂದಿಗೆ ಚರ್ಚಿಸಿ, ಕಾರಣ ಸಹಿತ ಬರೆಯಿರಿ.