ಕೂಡಿಟ್ಟರೆ ಸವೆಯುವ ಹಣ: ವೋರ್ಗಲ್ ಪೇಟೆಯ ಪ್ರಯೋಗ

ಆಸ್ಟ್ರಿಯಾದ ಟೈರೋಲ್ ಪ್ರಾಂತ್ಯದ ವೋರ್ಗಲ್, 1911ರಲ್ಲಿ ಪೇಟೆಯ ಸ್ಥಾನಮಾನ ಪಡೆದ ರೈಲ್ವೆ ಜಂಕ್ಷನ್ ಊರು. 1930ರ ದಶಕಾರಂಭದ ಆರ್ಥಿಕ ಮುಗ್ಗಟ್ಟಿನಲ್ಲಿ ಅಲ್ಲಿ ನಿರುದ್ಯೋಗ ಹೆಚ್ಚಿತು; ತೆರಿಗೆ ಬಾಕಿ ಬೆಳೆದು ಪುರಸಭೆಯ ಬೊಕ್ಕಸ ಬರಿದಾಯಿತು.

ರೈಲ್ವೆ ನೌಕರರಾಗಿದ್ದ ಪುರಾಧ್ಯಕ್ಷ ಮಿಖಾಯೆಲ್ ಉಂಟರ್‌ಗುಗೆನ್‌ಬರ್ಗರ್ ಅವರು ಅರ್ಥಚಿಂತಕ ಸಿಲ್ವಿಯೋ ಗೆಸೆಲ್‌ರ ವಿಚಾರವನ್ನು ಕಾರ್ಯರೂಪಕ್ಕೆ ತಂದರು. 1932ರ ಜುಲೈನಲ್ಲಿ ಪುರಸಭೆಯು 1, 5 ಮತ್ತು 10 ಷಿಲ್ಲಿಂಗ್ ಮೌಲ್ಯದ ದುಡಿಮೆ ಚೀಟಿಗಳನ್ನು ಹೊರಡಿಸಿತು. ಅವುಗಳಿಗೆ ಆಧಾರವಾಗಿ ಸ್ಥಳೀಯ ಬ್ಯಾಂಕಿನಲ್ಲಿ ಷಿಲ್ಲಿಂಗ್ ಠೇವಣಿ ಇರಿಸಲಾಯಿತು. ಚೀಟಿಯ ಬೆಲೆ ಉಳಿಯಬೇಕಾದರೆ ಪ್ರತಿ ತಿಂಗಳೂ ಶೇ. 1ರಷ್ಟು ಬೆಲೆಯ ಮುದ್ರಾಂಕ ಅಂಟಿಸಬೇಕಿತ್ತು. ಹೀಗಾಗಿ ಪೆಟ್ಟಿಗೆಯಲ್ಲಿಟ್ಟವನಿಗೆ ನಷ್ಟ, ಬೇಗ ಖರ್ಚು ಮಾಡಿದವನಿಗೆ ಲಾಭ. ತೆರಿಗೆಗೂ ಅದೇ ಚೀಟಿ ಸಲ್ಲುತ್ತಿದ್ದುದರಿಂದ ವರ್ತಕರು ನಂಬಿ ಸ್ವೀಕರಿಸಿದರು. ಬಾಕಿ ತೆರಿಗೆ ವಸೂಲಾಯಿತು; ರಸ್ತೆಗಳು ದುರಸ್ತಿಯಾದವು, ಸೇತುವೆ ಎದ್ದಿತು, ಕೂಲಿ ದೊರೆಯಿತು.

ಆದರೆ ಹಣ ಹೊರಡಿಸುವ ಹಕ್ಕು ತನ್ನದೆಂದು ಆಸ್ಟ್ರಿಯಾದ ರಾಷ್ಟ್ರೀಯ ಬ್ಯಾಂಕು ಆಕ್ಷೇಪಿಸಿತು. 1933ರಲ್ಲಿ ಪ್ರಯೋಗ ನಿಂತಿತು. 1951ರಲ್ಲಿ ವೋರ್ಗಲ್ ನಗರವಾಯಿತು.

ಕಾನೂನಿನ ಮುಂದೆ ಸೋತರೂ ಈ ಪ್ರಯೋಗ ಲೆಕ್ಕಪುಸ್ತಕದ ಹಳೆಯ ಪಾಠವೊಂದನ್ನು ನೆನಪಿಸುತ್ತದೆ: ವ್ಯಾಪಾರವನ್ನು ಬೆಳೆಸುವುದು ಹಣದ ಮೊತ್ತವೊಂದೇ ಅಲ್ಲ, ಅದು ಕೈಯಿಂದ ಕೈಗೆ ಸಾಗುವ ವೇಗವೂ ಹೌದು.